ಗಾಜಿನ ತೊಟ್ಟಿಲು

ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಪ್ರತಿವರ್ಷವೂ ತಪ್ಪದೆ ಮಾಡಿ ತೋರಿಸುವ ಒಂದು ಸಣ್ಣ ಪ್ರಯೋಗವುಂಟು. ಗಾಜಿನ ಕೊಳವೆಯೊಂದರ ಎರಡು ತುದಿಗಳಲ್ಲಿ ಎರಡು ಸಾಬೂನಿನ ಗುಳ್ಳೆಗಳನ್ನು ಊದುವೆವು. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ನಡುವಣ ತಿರುಪನ್ನು ತೆರೆದು ಎರಡು ಗುಳ್ಳೆಗಳಿಗೂ ಸಂಪರ್ಕವನ್ನು ಕಲ್ಪಿಸುವ ಮುನ್ನ, "ಈಗ ಏನಾಗುವುದು?" ಎಂದು ವಿದ್ಯಾರ್ಥಿಗಳನ್ನು ಕೇಳುವೆವು. "ಎರಡೂ ಸಮನಾಗುವುವು" ಎಂದು ಹೆಚ್ಚಿನವರು ಉತ್ತರ ಕೊಡುವರು. ತಿರುಪನ್ನು ತೆರೆದೊಡನೆ ಆಗುವುದು ಇದಕ್ಕೆ ನೇರ ವಿರುದ್ಧ. ಚಿಕ್ಕ ಗುಳ್ಳೆಯು ಕುಗ್ಗುತ್ತ ಕುಗ್ಗುತ್ತ ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಒಪ್ಪಿಸಿ ಮುಚ್ಚಿಹೋಗುವುದು. ದೊಡ್ಡದು ಇನ್ನೂ ದೊಡ್ಡದಾಗುವುದು. "ಬಡವನದನ್ನು ಕಿತ್ತು ಬಲ್ಲಿದನಿಗೆ ಕೊಡುವ ನಿಯಮ, ಸಾರ್" ಎಂದು ಒಬ್ಬ ಹುಡುಗನು ಒಮ್ಮೆ ಹೇಳಿದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು.

2022ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ರಾತ್ರಿ, ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ, ವೈದ್ಯರೊಬ್ಬರು ಔಷಧದ ಚೀಟಿಯ ಬೆನ್ನಿನ ಮೇಲೆ ಇದೇ ಎರಡು ಗುಳ್ಳೆಗಳ ಚಿತ್ರವನ್ನು ಬರೆದು ನಮ್ಮ ಮುಂದೆ ಹಿಡಿದರು. "ಮೇಷ್ಟ್ರೇ, ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಮಗುವಿನ ಎದೆಯಲ್ಲಿ ಈಗ ನಡೆಯುತ್ತಿರುವುದು ಇದೇ" ಎಂದರು. ಗಾಜಿನ ಗೋಡೆಯ ಆಚೆ, ಗಾಜಿನಂತೆಯೇ ತಿಳಿಯಾದ ಪೆಟ್ಟಿಗೆಯೊಂದರಲ್ಲಿ, ನಮ್ಮ ಮಗಳು ಮಲಗಿದ್ದಳು. ಅವಳ ವಯಸ್ಸು ಐದು ಗಂಟೆ. ತೂಕ 1,200 ಗ್ರಾಂ. ಈ ಸಲ ನಮಗೆ ನಗು ಬರಲಿಲ್ಲ.

ಮಗುವು ತಾಯಿಯ ಗರ್ಭದಲ್ಲಿ ಸುಮಾರು 40 ವಾರ ಬೆಳೆಯಬೇಕಷ್ಟೆ. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಅವಧಿಗೆ ಮುನ್ನ ಹುಟ್ಟಿದ್ದೆಂದು ಎಣಿಸುವರು. ಇಂತಹ ಜನನವು ಅಪರೂಪವೆಂದು ನಾವು ಭಾವಿಸಿದ್ದೆವು. ಅದು ತಪ್ಪು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಹುಟ್ಟಿದುವು; ಎಂದರೆ ಹತ್ತರಲ್ಲಿ ಒಂದು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಆದುದರಿಂದ ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ, ಇಲ್ಲವೆ ನೆರೆಮನೆಯಲ್ಲಿ, ಇಂತಹ ಮಗುವೊಂದು ಹುಟ್ಟಿದ್ದಿರಬೇಕು. ಅಂತಹ ಕೂಸನ್ನು ಉಳಿಸಿಕೊಳ್ಳುವ ಕಾರ್ಯದಲ್ಲಿ ಭೌತವಿಜ್ಞಾನದ ಪಾಲು ಎಷ್ಟು, ತಾಯಿತಂದೆಗಳ ಪಾಲು ಎಷ್ಟು ಎಂಬುದನ್ನು ನಾವು ಕಂಡಂತೆ ಇಲ್ಲಿ ತಿಳಿಸಲು ಯತ್ನಿಸುವೆವು.

ಬಿಸಿಯ ಲೆಕ್ಕ

ನಮ್ಮ ಮನೆಯವರಿಗೆ ಏಳನೆಯ ತಿಂಗಳಿನಲ್ಲಿ ರಕ್ತದ ಒತ್ತಡವು ಒಮ್ಮೆಲೇ ಏರಿತು. ಗರ್ಭಿಣಿಯರಿಗೆ ಮಾತ್ರ ಬರುವ ಈ ವ್ಯಾಧಿಗೆ ಹೆರಿಗೆಯೇ ಮದ್ದು. ಎರಡು ದಿನ ಕಾದು, ಮೂವತ್ತನೆಯ ವಾರದಲ್ಲಿ ಶಸ್ತ್ರಚಿಕಿತ್ಸೆಯಿಂದ ಮಗುವನ್ನು ಹೊರತೆಗೆದರು. ತಾಯಿಯನ್ನು ಒಂದು ಕಡೆಗೂ ಮಗುವನ್ನು ಇನ್ನೊಂದು ಕಡೆಗೂ ಒಯ್ದರು. ನಡುವಣ ಮೊಗಸಾಲೆಯು ನಮ್ಮ ಪಾಲಿಗೆ ಬಂದಿತು.

ಆ ಮೊಗಸಾಲೆಯ ಬೆಂಚುಗಳ ಮೇಲೆ ನಮ್ಮಂತಹ ಹತ್ತು ಹನ್ನೆರಡು ಮಂದಿ ಇದ್ದರು. ಒಬ್ಬರ ಹೆಸರನ್ನು ಒಬ್ಬರು ಕೇಳುತ್ತಿರಲಿಲ್ಲ, "ನಿಮ್ಮದು ಎಷ್ಟು ಗ್ರಾಂ?" ಎಂದು ಕೇಳುತ್ತಿದ್ದರು. ನಮ್ಮ ಪಕ್ಕದಲ್ಲಿ ಹಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ಕುಳಿತಿದ್ದರು. ಅವರ ಮೊಮ್ಮಗನು ಮನೆಯಲ್ಲಿಯೇ, ದಿನ ತುಂಬುವ ಮೊದಲೇ ಹುಟ್ಟಿದ್ದನು. ಆಸ್ಪತ್ರೆಗೆ ತಲುಪುವಾಗ ಮೈ ತಣ್ಣಗಾಗಿತ್ತು. ಮರುದಿನ ಬೆಳಗ್ಗೆ ಅಜ್ಜಿ ನಮ್ಮನ್ನು ಕೇಳಿದರು:

"ನೀನು ಓದಿಸೋ ಮೇಷ್ಟ್ರಂತಲ್ಲಪ್ಪಾ. ಹುಟ್ಟುತ್ತಲೇ ನಾನೇ ಕೈಯಾರೆ ನೀರು ಎರೆದೆ. ನೀರು ಚೆನ್ನಾಗಿ ಕಾದಿತ್ತು. ಬಿಸಿನೀರು ಎರೆದರೆ ಕೂಸು ತಣ್ಣಗಾಗೋದು ಹ್ಯಾಗೆ?"

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವು ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ. ಒಂದು ಗ್ರಾಂ ನೀರು ಮೈಯ ಬಿಸುಪಿನಲ್ಲಿ ಆವಿಯಾಗಬೇಕಾದರೆ ಅದಕ್ಕೆ ಸುಮಾರು 580 ಕ್ಯಾಲೊರಿ ಶಾಖ ಬೇಕು. ಇದೇ ಗುಪ್ತೋಷ್ಣ. ಒದ್ದೆ ಮೈಯಿಂದ ನೀರು ಆರುವಾಗ ಈ ಶಾಖದ ಬಹುಭಾಗವನ್ನು ಮೈಯೇ ಕೊಡಬೇಕಾಗುವುದು. ಮಾನವದೇಹದ ಒಂದು ಗ್ರಾಮಿನ ಬಿಸುಪು ಒಂದು ಡಿಗ್ರಿ ಇಳಿಯಲು ಸುಮಾರು 0.83 ಕ್ಯಾಲೊರಿ ಶಾಖ ಹೋಗಬೇಕು. 1,200 ಗ್ರಾಂ ತೂಕದ ಕೂಸಿಗೆ ಲೆಕ್ಕ ಹಾಕಿದರೆ ಸುಮಾರು 1,000 ಕ್ಯಾಲೊರಿ ಆಯಿತು. ಎಂದಮೇಲೆ ಒಂದೇ ಒಂದು ಗ್ರಾಂ ನೀರು ಆರಿಹೋಗುವಾಗ ಅಷ್ಟು ಶಾಖವೂ ಆ ಮೈಯಿಂದಲೇ ಹೋದರೆ, ಬಿಸುಪು ಅರ್ಧ ಡಿಗ್ರಿಗಿಂತ ಹೆಚ್ಚಾಗಿ ಇಳಿಯುವುದು. ಒಂದು ಗ್ರಾಂ ಎಂದರೆ ಸುಮಾರು ಇಪ್ಪತ್ತು ಹನಿ. ಎರೆದ ನೀರು ಎಷ್ಟು ಬಿಸಿಯಾಗಿತ್ತೆಂಬುದು ಇಲ್ಲಿ ಮುಖ್ಯವಲ್ಲ. ಆಮೇಲೆ ಅದು ಆರಿತೆಂಬುದೇ ಮುಖ್ಯ.

ಇದಕ್ಕೆ ಇನ್ನೊಂದು ಕಾರಣವೂ ಸೇರುವುದು. ಒಂದು ಘನದ ಅಂಚನ್ನು ಇಮ್ಮಡಿಸಿದರೆ ಅದರ ಮೇಲ್ಮೈ ನಾಲ್ಮಡಿಯಾಗುವುದು, ಗಾತ್ರವು ಎಂಟುಮಡಿಯಾಗುವುದು. ಎಂದರೆ ವಸ್ತುವು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚು. ಶಾಖವು ಹೊರಹೋಗುವುದು ಮೇಲ್ಮೈಯಿಂದ. ಅದು ಹುಟ್ಟುವುದು ಒಳಗಿನ ಅಂಗಾಂಶದಲ್ಲಿ. ಪುಟ್ಟ ಕೂಸಿಗೆ ವೆಚ್ಚ ಹೆಚ್ಚು, ಆದಾಯ ಕಡಿಮೆ. ಅದರ ಚರ್ಮವು ತೆಳುವು, ಕೊಬ್ಬಿನ ಹೊದಿಕೆಯೂ ಇಲ್ಲ. ನಮ್ಮಂತೆ ನಡುಗಿ ಬಿಸಿಯನ್ನು ಉಂಟುಮಾಡಿಕೊಳ್ಳಲೂ ಅದಕ್ಕೆ ಬಾರದು.

ಈ ವೆಚ್ಚವನ್ನು ತಡೆಯುವುದಕ್ಕಾಗಿಯೇ ಗಾಜಿನ ತೊಟ್ಟಿಲು ಹುಟ್ಟಿದುದು. ಪ್ಯಾರಿಸ್ ನಗರದ ಪ್ರಸೂತಿತಜ್ಞ ಸ್ಟೆಫಾನ್ ಟಾರ್ನಿಯೆ ಎಂಬುವರು ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ನೋಡಿ, ಶಿಶುಗಳಿಗೂ ಅಂತಹುದನ್ನು ಮಾಡಬಾರದೇಕೆ ಎಂದು ಯೋಚಿಸಿದರು. 1880ರ ಸುಮಾರಿಗೆ ಅವರ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಬಳಕೆಗೆ ಬಂದಿತು. ಕೆಳಗೆ ಬಿಸಿನೀರು, ಮೇಲೆ ಕೂಸು. ಅಷ್ಟೇ ಅದರ ರಚನೆ. ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಅದಕ್ಕೆ ಮುಂಚೆ ನೂರಕ್ಕೆ 66 ಸಾಯುತ್ತಿದ್ದುವು; ಅನಂತರ ಆ ಸಂಖ್ಯೆ 38ಕ್ಕೆ ಇಳಿಯಿತೆಂದು ಅವರು ವರದಿ ಮಾಡಿದರು. ಬಿಸಿಯನ್ನು ಕಾಪಾಡಿದುದರಿಂದಲೇ ಇಷ್ಟು!

ಇದನ್ನೆಲ್ಲ ಅಜ್ಜಿಗೆ ಸುಲಭವಾದ ಮಾತಿನಲ್ಲಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಯಾರೂ ನಮಗೆ ಹೇಳಲೇ ಇಲ್ಲವಲ್ಲಪ್ಪಾ" ಎಂದರು. ಆ ಮಾತು ನಮಗೆ ನಾಟಿತು. ಹತ್ತು ವರ್ಷಗಳಿಂದ ನಾವು ಗುಪ್ತೋಷ್ಣವನ್ನು ಬೋಧಿಸುತ್ತ ಬಂದಿರುವೆವು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದನ್ನೂ, ಬೆವರು ಆರಿದಾಗ ಮೈ ತಂಪಾಗುವುದನ್ನೂ ಉದಾಹರಿಸಿರುವೆವು. ಆಗ ತಾನೆ ಹುಟ್ಟಿದ ಕೂಸಿನ ಉದಾಹರಣೆಯನ್ನು ಒಂದು ಸಲವೂ ಕೊಟ್ಟಿರಲಿಲ್ಲ. ಅಜ್ಜಿಯ ಹಳ್ಳಿಯಿಂದಲೂ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರೆ.

ಎರಡು ಗುಳ್ಳೆಗಳು

ಇನ್ನು ಗುಳ್ಳೆಗಳ ವಿಷಯಕ್ಕೆ ಬರೋಣ. ಶ್ವಾಸಕೋಶವೆಂದರೆ ಒಂದು ದೊಡ್ಡ ಚೀಲವಲ್ಲ. ಅದು ಕೋಟ್ಯಂತರ ಪುಟ್ಟ ವಾಯುಕೋಶಗಳ ಗೊಂಚಲು. ಪ್ರತಿಯೊಂದು ಕೋಶದ ಒಳಮೈಯನ್ನೂ ನೀರಿನ ತೆಳುವಾದ ಪೊರೆ ಹೊದ್ದಿರುವುದು. ನೀರಿನ ಮೇಲ್ಮೈಗೆ ಕುಗ್ಗುವ ಸ್ವಭಾವವುಂಟು. ಇದನ್ನು ಮೇಲ್ಮೈ ಸೆಳೆತವೆನ್ನುವರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಲಾಪ್ಲಾಸ್ ತಿಳಿಸಿದ ನಿಯಮದಂತೆ, ಇಂತಹ ಕೋಶವು ಮುಚ್ಚಿಹೋಗದಂತೆ ತಡೆಯಬೇಕಾದರೆ ಒಳಗಿರಬೇಕಾದ ಹೆಚ್ಚಿನ ಒತ್ತಡವು ಸೆಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ತ್ರಿಜ್ಯವು ಚಿಕ್ಕದಾದಷ್ಟೂ ಬೇಕಾಗುವ ಒತ್ತಡ ಹೆಚ್ಚು. ಸಾಬೂನಿನ ಗುಳ್ಳೆಗೆ ಒಳಗೂ ಹೊರಗೂ ಎರಡು ಮೇಲ್ಮೈಗಳಿರುವುದರಿಂದ ಎರಡರ ಬದಲು ನಾಲ್ಕರಿಂದ ಗುಣಿಸಬೇಕು, ನಿಯಮವು ಒಂದೇ.

ಒಂದು ಅಂದಾಜು ಮಾಡೋಣ. ಕೋಶದ ತ್ರಿಜ್ಯವು ಸೆಂಟಿಮೀಟರಿನ ಇನ್ನೂರನೆಯ ಒಂದು ಭಾಗ, ಸೆಳೆತವು ಸೆಂಟಿಮೀಟರಿಗೆ 50 ಡೈನ್ ಎಂದಿಟ್ಟುಕೊಂಡರೆ, ಬೇಕಾಗುವ ಒತ್ತಡವು 20 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು. ಪ್ರತಿ ಉಸಿರಿಗೂ ಇಷ್ಟು ಒತ್ತಡವನ್ನು ಉಂಟುಮಾಡುವ ಶಕ್ತಿ ಆ ಪುಟ್ಟ ಎದೆಗೆ ಎಲ್ಲಿಂದ ಬರಬೇಕು? ಹಾಗಾದರೆ ದಿನ ತುಂಬಿ ಹುಟ್ಟಿದ ಕೂಸು ಸುಲಭವಾಗಿ ಉಸಿರಾಡುವುದು ಹೇಗೆ? ಶ್ವಾಸಕೋಶದ ಕೆಲವು ಜೀವಕೋಶಗಳು ಜಿಡ್ಡಿನಂತಹ ಒಂದು ವಸ್ತುವನ್ನು ಒಸರುವುವು. ಸರ್ಫ್ಯಾಕ್ಟಂಟ್ ಎಂಬ ಈ ವಸ್ತುವು ನೀರಿನ ಪೊರೆಯ ಮೇಲೆ ಹರಡಿ ಸೆಳೆತವನ್ನು ಹತ್ತರಲ್ಲೊಂದು ಪಾಲಿಗೂ ಕಡಿಮೆ ಮಾಡಬಲ್ಲುದು. ಕೋಶವು ಕುಗ್ಗಿದಷ್ಟೂ ಅದರ ಅಣುಗಳು ದಟ್ಟೈಸಿ ಸೆಳೆತವು ಇನ್ನೂ ಇಳಿಯುವುದು. ಹೀಗಾಗಿ ಚಿಕ್ಕ ಕೋಶವು ದೊಡ್ಡದರೊಳಗೆ ಬರಿದಾಗದೆ ಉಳಿಯುವುದು. ಇದು ಗರ್ಭದ ಕೊನೆಯ ವಾರಗಳಲ್ಲಿ ಮಾತ್ರ ಸಾಕಷ್ಟು ಸಿದ್ಧವಾಗುವುದರಿಂದ, ಮೂವತ್ತನೆಯ ವಾರದಲ್ಲಿಯೇ ಹೊರಬಂದ ನಮ್ಮ ಮಗಳಿಗೆ ಇದರ ಕೊರತೆಯಾಗಿತ್ತು.

ಈ ಸಂಗತಿಯು ತಿಳಿದುಬರಲು ಬಹಳ ಕಾಲ ಹಿಡಿಯಿತು. ಗಾಳಿಯಿಂದ ಶ್ವಾಸಕೋಶವನ್ನು ಉಬ್ಬಿಸುವುದಕ್ಕಿಂತ ದ್ರವದಿಂದ ಉಬ್ಬಿಸುವುದು ಸುಲಭವೆಂಬುದನ್ನು 1929ರಲ್ಲಿಯೇ ಕುರ್ಟ್ ಫಾನ್ ನೇರ್‌ಗಾರ್ಡ್ ತೋರಿಸಿಕೊಟ್ಟಿದ್ದರು. ದ್ರವ ತುಂಬಿದಾಗ ಗಾಳಿಗೂ ನೀರಿಗೂ ನಡುವಣ ಮೇಲ್ಮೈಯೇ ಇರುವುದಿಲ್ಲವಷ್ಟೆ. ಆದರೆ ಆ ಮಾತನ್ನು ಹೆಚ್ಚು ಮಂದಿ ಗಮನಿಸಲಿಲ್ಲ. 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ಎಂಬುವರು, ಉಸಿರಾಟದ ಕಷ್ಟದಿಂದ ತೀರಿಕೊಂಡ ಶಿಶುಗಳ ಶ್ವಾಸಕೋಶಗಳಲ್ಲಿ ಮೇಲ್ಮೈ ಸೆಳೆತವು ಹೆಚ್ಚಾಗಿರುವುದನ್ನು ಅಳೆದು, ಕೊರತೆಯಿರುವುದು ಈ ವಸ್ತುವಿನದೆಂದು ತೋರಿಸಿದರು.

ಕಾರಣ ತಿಳಿದ ಮಾತ್ರಕ್ಕೆ ಚಿಕಿತ್ಸೆ ದೊರೆಯುವುದಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರಿಗೆ ಪ್ಯಾಟ್ರಿಕ್ ಎಂಬ ಮಗನು ಐದು ವಾರಗಳಿಗೂ ಮುಂಚಿತವಾಗಿ ಹುಟ್ಟಿದನು. ತೂಕವು ಎರಡು ಕಿಲೋಗ್ರಾಮಿಗೂ ಹೆಚ್ಚು. ನಮ್ಮ ಮಗಳ ಒಂದೂಮುಕ್ಕಾಲರಷ್ಟು. ಆ ದೇಶದ ಹೆಸರಾಂತ ವೈದ್ಯರೆಲ್ಲ ಸೇರಿದರೂ ಮಗುವು 39 ಗಂಟೆಗಳಿಗಿಂತ ಹೆಚ್ಚು ಬದುಕಲಿಲ್ಲ. ಅಂದು ಅಧ್ಯಕ್ಷನ ಮಗನಿಗೂ ಇಲ್ಲದ ಚಿಕಿತ್ಸೆಯು 2022ರಲ್ಲಿ ಒಬ್ಬ ಮೇಷ್ಟರ ಮಗಳಿಗೆ ದೊರೆಯಿತು. ವಿಜ್ಞಾನವು ಮುಂದುವರಿದಿದೆ ಎಂಬ ಮಾತಿನ ಅರ್ಥವು ನಮಗೆ ಆಗ ತಿಳಿಯಿತು.

ಆ ಚಿಕಿತ್ಸೆಯು ಮೂರು ಬಗೆಯದು. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಟ್ಟರೆ ಕೂಸಿನ ಶ್ವಾಸಕೋಶವು ಬೇಗ ಪಕ್ವವಾಗುವುದೆಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌಯಿ 1972ರಲ್ಲಿ ಪ್ರಕಟಿಸಿದರು. ಲಿಗಿನ್ಸ್ ಇದನ್ನು ಮೊದಲು ಕಂಡುಕೊಂಡುದು ಕುರಿಮರಿಗಳಲ್ಲಿ. ನಮ್ಮ ಮನೆಯವರ ಹೆರಿಗೆಗೆ ವೈದ್ಯರು ಎರಡು ದಿನ ಕಾದುದು ಈ ಮದ್ದು ಕೆಲಸಮಾಡಲೆಂದೇ. ಎರಡನೆಯದು, ಕೊರತೆಯಾದ ವಸ್ತುವನ್ನೇ ಶ್ವಾಸನಾಳದ ಮೂಲಕ ಒಳಕ್ಕೆ ಹಾಕುವುದು. ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಜಪಾನಿನ ಫುಜಿವಾರಾ ಅವರು ಹತ್ತು ಶಿಶುಗಳಿಗೆ ಕೊಟ್ಟು ಸಫಲರಾದ ವರದಿಯು 1980ರಲ್ಲಿ ಪ್ರಕಟವಾಯಿತು.

ಮೂರನೆಯದು ನಮ್ಮನ್ನು ಬೆರಗುಗೊಳಿಸಿತು. ಉಸಿರು ಹೊರಬಿಟ್ಟ ಮೇಲೂ ವಾಯುಕೋಶವು ಪೂರ್ತಿ ಮುಚ್ಚದಂತೆ, ಮೂಗಿನ ಮೂಲಕ ಗಾಳಿಯ ಅಲ್ಪ ಒತ್ತಡವನ್ನು ಸತತವಾಗಿ ಕೊಡುತ್ತಿರುವ ವಿಧಾನವಿದು. 1971ರಲ್ಲಿ ಅಮೆರಿಕದ ಗ್ರೆಗರಿ ಮತ್ತು ಸಂಗಡಿಗರು ಈ ತತ್ತ್ವವನ್ನು ಪ್ರಯೋಗಿಸಿ ತೋರಿಸಿದರು. ನಮ್ಮ ಮಗಳ ಪಕ್ಕದಲ್ಲಿದ್ದ ಉಪಕರಣದಲ್ಲಿ, ಕೂಸು ಉಸಿರುಬಿಡುವ ಕೊಳವೆಯ ತುದಿಯನ್ನು ಒಂದು ನೀರಿನ ಬಾಟಲಿಯೊಳಗೆ ಮುಳುಗಿಸಿದ್ದರು. ತುದಿಯು ಐದು ಸೆಂಟಿಮೀಟರ್ ಆಳದಲ್ಲಿದ್ದರೆ ಒತ್ತಡವು ಐದು ಸೆಂಟಿಮೀಟರ್ ನೀರಿನಷ್ಟು. ಒತ್ತಡವನ್ನು ಹೆಚ್ಚಿಸಬೇಕಾದರೆ ಕೊಳವೆಯನ್ನು ಇನ್ನಷ್ಟು ಕೆಳಗಿಳಿಸಿದರಾಯಿತು. ಎಂಟನೆಯ ತರಗತಿಯ ಹುಡುಗನಿಗೂ ತಿಳಿಯುವ ತತ್ತ್ವ. ರಾತ್ರಿಯೆಲ್ಲ ಆ ಬಾಟಲಿಯು ಗುಳುಗುಳು ಎನ್ನುತ್ತಿತ್ತು. ಗಾಜಿನ ಬಾಗಿಲು ತೆರೆದಾಗಲೆಲ್ಲ ನಾವು ಮೊದಲು ಆಲಿಸುತ್ತಿದ್ದುದು ಆ ಸದ್ದನ್ನೇ.

ಆಮ್ಲಜನಕದ ಅಳತೆ

ಉಸಿರಾಟವು ಕಷ್ಟವಾದರೆ ಆಮ್ಲಜನಕವನ್ನು ಯಥೇಚ್ಛವಾಗಿ ಕೊಟ್ಟರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. 1940ರ ದಶಕದಲ್ಲಿ ಅನುಕೂಲವುಳ್ಳ ದೇಶಗಳ ಆಸ್ಪತ್ರೆಗಳಲ್ಲಿ ಹಾಗೆಯೇ ಮಾಡಿದರು. ಅದೇ ಕಾಲಕ್ಕೆ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಒಂದು ಹೊಸ ಬಗೆಯ ಕುರುಡು ಕಾಣಿಸಿಕೊಂಡಿತು. ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕಣ್ಣು ಕಳೆದುಕೊಂಡರೆಂದು ಅಂದಾಜು. 1950ರಲ್ಲಿ ಆರು ವಾರ ಮುಂಚೆ ಹುಟ್ಟಿ ಕುರುಡರಾದ ಅಮೆರಿಕದ ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು. ಅತಿಯಾದ ಆಮ್ಲಜನಕವೇ ಕಾರಣವಿರಬಹುದೆಂದು ಆಸ್ಟ್ರೇಲಿಯದ ಕೇಟ್ ಕ್ಯಾಂಬೆಲ್ 1951ರಲ್ಲಿ ಸೂಚಿಸಿದರು. 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಿಂದ ಅದು ದೃಢಪಟ್ಟಿತು. ಅಕ್ಷಿಪಟದ ರಕ್ತನಾಳಗಳು ಬೆಳೆಯುವುದು ಗರ್ಭದ ಮಂದವಾದ ಆಮ್ಲಜನಕದಲ್ಲಿ. ಅದು ಹಠಾತ್ತಾಗಿ ಹೆಚ್ಚಿದರೆ ಅವುಗಳ ಬೆಳವಣಿಗೆಯು ನಿಂತು, ಮುಂದೆ ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟವನ್ನೇ ಕೀಳುವುವು. ಇದನ್ನು ತಿಳಿದ ಮೇಲೆ ಆಮ್ಲಜನಕವನ್ನು ತೀರ ಬಿಗಿಹಿಡಿದರು. ಆಗ ಕಣ್ಣುಗಳು ಉಳಿದುವು, ಆದರೆ ಉಸಿರು ಸಾಲದೆ ಸತ್ತ ಮಕ್ಕಳ ಸಂಖ್ಯೆ ಹೆಚ್ಚಿತು.

ಬೇಕಾಗಿದ್ದುದು ಅಳತೆ. ರಕ್ತವನ್ನು ತೆಗೆಯದೆ, ಎಡೆಬಿಡದೆ ಅಳೆಯುವ ಉಪಾಯವನ್ನು 1974ರಲ್ಲಿ ಜಪಾನಿನ ತಾಕುವೊ ಆವೊಯಾಗಿ ಕಂಡುಹಿಡಿದರು. ಆಮ್ಲಜನಕವನ್ನು ಹೊತ್ತ ರಕ್ತವು ಕೆಂಪು ಬೆಳಕನ್ನು ಕಡಿಮೆ ಹೀರುವುದು, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಹೆಚ್ಚು ಹೀರುವುದು. ಆಮ್ಲಜನಕವಿಲ್ಲದ ರಕ್ತದಲ್ಲಿ ಇದು ತಿರುಗುಮುರುಗು. ಎರಡು ಬೆಳಕುಗಳನ್ನೂ ಪಾದದ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ರಕ್ತದಲ್ಲಿ ಆಮ್ಲಜನಕವು ನೂರಕ್ಕೆ ಎಷ್ಟಿದೆಯೆಂಬುದು ತಿಳಿಯುವುದು. ನಮ್ಮ ಮಗಳ ಪಾದವು ನಮ್ಮ ಹೆಬ್ಬೆರಳಿನಷ್ಟು ಇತ್ತು. ಅದಕ್ಕೆ ಕಟ್ಟಿದ್ದ ಪಟ್ಟಿಯಲ್ಲಿ ಕೆಂಪು ಬೆಳಕು ಮಿಣುಕುತ್ತಿತ್ತು. 90ರಿಂದ 95ರ ನಡುವೆ ಇರಲೆಂಬುದು ವೈದ್ಯರ ಗುರಿ. 89 ಎಂದು ಕಂಡರೆ ನಮ್ಮ ಉಸಿರು ನಿಲ್ಲುತ್ತಿತ್ತು. 99 ಎಂದು ಕಂಡರೆ ನಾವು ಹಿಗ್ಗುತ್ತಿದ್ದೆವು. ದಾದಿ ಮಾತ್ರ ಬಂದು ಆಮ್ಲಜನಕವನ್ನು ತಗ್ಗಿಸುತ್ತಿದ್ದರು.

ಇಷ್ಟಾದರೂ ಅಪಾಯವು ಪೂರ್ತಿ ತಪ್ಪುವುದಿಲ್ಲ. ಆದುದರಿಂದ ಹೀಗೆ ಹುಟ್ಟಿದ ಮಕ್ಕಳ ಕಣ್ಣುಗಳನ್ನು ಮೊದಲ ತಿಂಗಳಿನೊಳಗೆ ಪರೀಕ್ಷೆ ಮಾಡಿಸಲೇಬೇಕು. ಬೇನೆಯು ಕಂಡುಬಂದರೆ ಲೇಸರ್ ಕಿರಣದಿಂದ ಅದನ್ನು ತಡೆಯಬಹುದು. ಹೊತ್ತು ಮೀರಿದರೆ ಸಾಧ್ಯವಾಗದು. ನಮ್ಮ ನಾಡಿನ ಹಳ್ಳಿಗಾಡಿನ ಮಕ್ಕಳಿಗೆ ಈ ಪರೀಕ್ಷೆಯನ್ನು ಒದಗಿಸುವ ಕಾರ್ಯವನ್ನು ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿತು. ತರಬೇತಿ ಪಡೆದವರು ಊರೂರಿನ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟದ ಚಿತ್ರಗಳನ್ನು ತೆಗೆದು, ದೂರದಲ್ಲಿರುವ ತಜ್ಞರಿಗೆ ತಂತಿಯಿಲ್ಲದೆ ಕಳುಹಿಸುವ ಏರ್ಪಾಡು ಅದು.

ನೀಲಿ ಬೆಳಕು

ಮೂರನೆಯ ದಿನ ಮಗಳ ಮೈ ಹಳದಿಯಾಯಿತು. ಅವಳ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಗಾಜಿನ ಆಚೆಯಿಂದ ಅದನ್ನು ನೋಡಿದ ನಮ್ಮ ಅತ್ತೆಯವರು ಗಾಬರಿಯಿಂದ ಅತ್ತೇಬಿಟ್ಟರು. ಆದರೆ ಆ ವಾರ್ಡಿನ ಚಿಕಿತ್ಸೆಗಳಲ್ಲೆಲ್ಲ ಇದೇ ಅತ್ಯಂತ ಸೌಮ್ಯವಾದುದು.

ರಕ್ತದ ಕೆಂಪುಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತುವು ಹುಟ್ಟುವುದು. ಎಳೆಯ ಕೂಸಿನ ಪಿತ್ತಜನಕಾಂಗವು ಇದನ್ನು ಬೇಗ ಹೊರಹಾಕಲಾರದು. ಹೆಚ್ಚಾದರೆ ಮಿದುಳಿಗೆ ಕೇಡು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಎಂಬ ದಾದಿಯೊಬ್ಬರು ಕೂಸುಗಳನ್ನು ಹೊರಗೆ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ತಾಗಿದ ಕಡೆ ಹಳದಿಯು ಮಾಸಿ, ಬಟ್ಟೆ ಮುಚ್ಚಿದ್ದ ಕಡೆ ಹಾಗೆಯೇ ಉಳಿದಿರುವುದನ್ನು ಅವರು ವೈದ್ಯರಿಗೆ ತೋರಿಸಿದರು. ಕ್ರೀಮರ್ ಮತ್ತು ಸಂಗಡಿಗರು ಅದನ್ನೇ ಹಿಡಿದು ದೀಪದ ಚಿಕಿತ್ಸೆಯನ್ನು ರೂಪಿಸಿ 1958ರಲ್ಲಿ ಪ್ರಕಟಿಸಿದರು. ವಸ್ತುವು ಹಳದಿಯಾಗಿ ಕಾಣುವುದೇಕೆ? ಅದು ನೀಲಿಯನ್ನು ಹೀರುವುದರಿಂದ. ಹೀರಿದ ನೀಲಿಯ ಶಕ್ತಿಯಿಂದ ಬಿಲಿರುಬಿನ್ ಅಣುವಿನ ಆಕಾರವು ಬದಲಾಗಿ, ದೇಹವು ಸುಲಭವಾಗಿ ಹೊರಹಾಕಬಲ್ಲ ರೂಪವನ್ನು ತಾಳುವುದು. ಮನೆಯಲ್ಲಿ ಕೂಸನ್ನು ಬಿಸಿಲಿಗೆ ಹಿಡಿದು ಕಾಮಾಲೆಯನ್ನು ವಾಸಿಮಾಡಲು ಹೊರಡುವುದು ಮಾತ್ರ ತರವಲ್ಲ; ಎಷ್ಟು ಏರಿದೆಯೆಂಬುದನ್ನು ಅಳೆಯಿಸಬೇಕು.

ಗಾಜಿನ ಈಚೆಯವರು

ಇದುವರೆಗೆ ಹೇಳಿದುದೆಲ್ಲ ಗಾಜಿನ ಆಚೆಯ ಮಾತು. ಈಚೆಯವರ ವಿಷಯವನ್ನೂ ಹೇಳಬೇಕು.

ನಮ್ಮ ಮನೆಯವರು ನಾಲ್ಕು ದಿನ ಮಗಳನ್ನು ನೋಡಲಿಲ್ಲ. ಹಾಸಿಗೆಯಿಂದ ಏಳುವಂತಿರಲಿಲ್ಲ. ನಾವು ದಿನಕ್ಕೆ ಮೂರು ಸಲ ಹೋಗಿ ವರದಿ ಒಪ್ಪಿಸುತ್ತಿದ್ದೆವು: ಆಮ್ಲಜನಕ ಇಷ್ಟು, ಒತ್ತಡ ಇಷ್ಟು, ತೂಕ ಇಷ್ಟು. ಎರಡನೆಯ ದಿನ ಅವರು, "ಅದಿರಲಿ, ಬೆರಳುಗಳು ಯಾರ ಹಾಗಿವೆ?" ಎಂದು ಕೇಳಿದರು. ನಮಗೆ ಉತ್ತರ ತಿಳಿದಿರಲಿಲ್ಲ. ಒಂದೂವರೆ ದಿನ ಯಂತ್ರಗಳ ಅಂಕಿಗಳನ್ನು ನೋಡಿದ್ದೆವು, ಬೆರಳುಗಳನ್ನು ನೋಡಿರಲಿಲ್ಲ. ಆಮೇಲೆ ಅವರು ಮೆಲ್ಲನೆ, "ನಾನೇನು ತಪ್ಪು ಮಾಡಿದೆ?" ಎಂದರು. ಉಂಡುದರಿಂದಾಗಲಿ, ನಡೆದುದರಿಂದಾಗಲಿ, ಕೆಲಸಕ್ಕೆ ಹೋದುದರಿಂದಾಗಲಿ ಈ ವ್ಯಾಧಿಯು ಬಂದುದಲ್ಲವೆಂದು ವೈದ್ಯರು ಸ್ಪಷ್ಟವಾಗಿ ತಿಳಿಸಿದರು. ಆದರೂ ಆ ಪ್ರಶ್ನೆಯನ್ನು ಆ ಮೊಗಸಾಲೆಯ ಪ್ರತಿಯೊಬ್ಬ ತಾಯಿಯೂ ಕೇಳಿಕೊಳ್ಳುತ್ತಿದ್ದಳು. ಬಂಧುಗಳಲ್ಲಿ ಕೆಲವರು ಬಾಯಿಬಿಟ್ಟು ಕೇಳುತ್ತಿದ್ದರು. ವಿದ್ಯಾವಂತರಾದವರು ಅದನ್ನು ಕೇಳದಿರುವುದೇ ದೊಡ್ಡ ಉಪಕಾರ.

ತಾಯಿಯಾದವಳು ಮಾಡಬಹುದಾದ ಕೆಲಸ ಒಂದಿತ್ತು. ಮೊದಲ ದಿನ ಅವರು ಹಿಂಡಿ ಕೊಟ್ಟ ಹಾಲು ಒಂದು ಮಿಲಿಲೀಟರ್ ಸಹ ಇರಲಿಲ್ಲ. ಇದೇನು ಸಾಕಾಗುವುದೆಂದು ಸಂಕೋಚಪಡುತ್ತಲೇ ಅದನ್ನು ಒಯ್ದೆವು. ದಾದಿಯು ಅದನ್ನು ಎರಡು ಕೈಗಳಿಂದ ಇಸಿದುಕೊಂಡು, "ಇದು ಔಷಧಿ ಸಾರ್, ಒಂದು ಹನಿಯೂ ಚೆಲ್ಲಬಾರದು" ಎಂದರು.

ಗಾಜಿನ ಪೆಟ್ಟಿಗೆಯು ಬಂದಂದಿನಿಂದ ತಾಯಿತಂದೆಗಳ ಸ್ಥಾನವೇನೆಂಬ ಪ್ರಶ್ನೆಯೂ ಬಂದಿತು. ಟಾರ್ನಿಯೆಯವರ ಶಿಷ್ಯ ಪಿಯರ್ ಬುಡೀನ್ ಅವರು ತಾಯಿಯನ್ನು ಕೂಸಿನ ಬಳಿಯಲ್ಲಿಯೇ ಇರಿಸಿಕೊಳ್ಳಬೇಕೆಂದೂ, ಅವಳ ಹಾಲನ್ನೇ ಕೊಡಬೇಕೆಂದೂ ಸಾರಿದರು. ಮುಂದೆ ನಡೆದುದು ಬೇರೆ. ಅಮೆರಿಕದಲ್ಲಿ ಮಾರ್ಟಿನ್ ಕೌನಿ ಎಂಬುವರು 1903ರಿಂದ 1943ರವರೆಗೆ ಕೋನಿ ಐಲೆಂಡಿನ ವಿನೋದಸ್ಥಳದಲ್ಲಿ ಇಂತಹ ಕೂಸುಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ನೋಡಬಂದವರಿಂದ 25 ಸೆಂಟು ವಸೂಲು ಮಾಡಿ, ಆ ಹಣದಿಂದ ಸಾಕಿದರು. ತಾಯಿತಂದೆಗಳಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅನೇಕ ಆಸ್ಪತ್ರೆಗಳು ಕೈಬಿಟ್ಟ ಮಕ್ಕಳು ಹೀಗೆ ಉಳಿದುವೆಂಬುದು ನಿಜ. ಆಮೇಲೆ ಆಸ್ಪತ್ರೆಗಳೇ ಈ ಕಾರ್ಯವನ್ನು ವಹಿಸಿಕೊಂಡಾಗ, ಸೋಂಕಿನ ಭಯದಿಂದ ತಾಯಿತಂದೆಗಳನ್ನು ದಶಕಗಳ ಕಾಲ ಗಾಜಿನ ಹೊರಗೇ ನಿಲ್ಲಿಸಿದುವು.

ಈ ಗಾಜನ್ನು ಸರಿಸಿದುದು ಬಡತನ. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಬೊಗೊಟ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದೊಂದರಲ್ಲಿ ಹಲವು ಕೂಸುಗಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಎಡ್ಗಾರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಯ ಮೇಲೆ ಕಟ್ಟಿ ಇರಿಸುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತೆ ಇರುವುದರಿಂದ ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಮೊದಲು ಇದನ್ನು ಇನ್‌ಕ್ಯುಬೇಟರ್ ಇಲ್ಲದವರ ಉಪಾಯವೆಂದೇ ಎಣಿಸಿದರು. ಭಾರತ, ಘಾನಾ, ಮಲಾವಿ, ನೈಜೀರಿಯ, ತಾಂಜಾನಿಯ ಎಂಬ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿದ ಪರೀಕ್ಷೆಯ ಫಲಿತಾಂಶವು 2021ರಲ್ಲಿ ಹೊರಬಂದಿತು. 1 ಕಿಲೋಗ್ರಾಮಿನಿಂದ 1.8 ಕಿಲೋಗ್ರಾಮಿನೊಳಗಿನ ಶಿಶುಗಳಲ್ಲಿ, ಮೊದಲು ಯಂತ್ರಗಳ ನಡುವೆ ಚೇತರಿಸಿಕೊಂಡು ಆಮೇಲೆ ತಾಯಿಯೆದೆ ಸೇರಿದವುಗಳ ಪೈಕಿ 28 ದಿನಗಳೊಳಗೆ ನೂರಕ್ಕೆ 15.7 ತೀರಿಕೊಂಡಿದ್ದುವು, ಹುಟ್ಟಿದ ಕೂಡಲೆ ತಾಯಿಯೆದೆಯ ಮೇಲಿರಿಸಿದವುಗಳ ಪೈಕಿ ನೂರಕ್ಕೆ 12. ವ್ಯತ್ಯಾಸವು ಅಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಹರಡುವ ಕಾರ್ಯವು ಅಧ್ಯಯನಪೂರ್ವಕವಾಗಿ ನಡೆದಿದೆ.

ಏಳನೆಯ ದಿನ ದಾದಿಯು ನಮ್ಮನ್ನು ಕರೆದು, "ಅಮ್ಮನವರಿಗೆ ಇನ್ನೂ ಕೂರೋಕೆ ಆಗ್ತಿಲ್ಲ. ನೀವೇ ಬನ್ನಿ ಸಾರ್, ಅಂಗಿ ಬಿಚ್ಚಿ ಕೂತ್ಕೊಳ್ಳಿ" ಎಂದರು. ತಂದೆಗೂ ಇದು ಸಲ್ಲುವುದೆಂದು ನಮಗೆ ಗೊತ್ತಿರಲಿಲ್ಲ. ಕೊಳವೆಗಳ ಸಹಿತವಾಗಿ ಮಗಳನ್ನು ನಮ್ಮ ಎದೆಯ ಮೇಲೆ ಕವುಚಿ ಮಲಗಿಸಿ ಬಟ್ಟೆಯಿಂದ ಬಿಗಿದರು. ಭೌತವಿಜ್ಞಾನದ ದೃಷ್ಟಿಯಿಂದ ವಿವರಣೆ ಸುಲಭ: ಗಾಳಿಗೆ ತೆರೆದ ಮೇಲ್ಮೈ ಅರ್ಧಕ್ಕೆ ಇಳಿಯಿತು, ಆವಿಯಾಗುವುದು ತಗ್ಗಿತು, ನಮ್ಮ ಮೈಯಿಂದ ಶಾಖವು ವಹನದ ಮೂಲಕ ಅವಳಿಗೆ ಹರಿಯಿತು. ಹೀಗೆ ಲೆಕ್ಕ ಹಾಕುತ್ತಿದ್ದ ನಾವು ಸ್ವಲ್ಪ ಹೊತ್ತಿನಲ್ಲಿಯೇ ಲೆಕ್ಕವನ್ನು ಮರೆತೆವು. ಅವಳ ಉಸಿರು ನಮ್ಮ ಉಸಿರಿನೊಡನೆ ಏರಿಳಿಯುತ್ತಿತ್ತು. ಆ ದಿನ ಅವಳ ಬೆರಳುಗಳನ್ನು ನೋಡಿದೆವು. ಸಂಜೆ ಮನೆಯವರಿಗೆ, "ನಿನ್ನ ಬೆರಳುಗಳೇ" ಎಂದು ವರದಿ ಒಪ್ಪಿಸಿದೆವು.

ಮನೆಗೆ

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ನಮ್ಮ ಎದುರಿನ ಬೆಂಚಿನ ದಂಪತಿಗಳ ಕೂಸು ಇಪ್ಪತ್ತಾರನೆಯ ವಾರದಲ್ಲಿ ಹುಟ್ಟಿದ್ದಿತು. ಹತ್ತನೆಯ ದಿನ ಬೆಳಗಿನ ಜಾವ ಅವರನ್ನು ಒಳಕ್ಕೆ ಕರೆದರು. ಹೊರಗೆ ಬಂದಾಗ ತಂದೆಯ ಕೈಯಲ್ಲಿ ಉಣ್ಣೆಯ ಪುಟ್ಟ ಟೋಪಿ ಇತ್ತು. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ನಮ್ಮೆಲ್ಲರಿಗೂ ಕೈಮುಗಿದು ಹೋದರು. ಆ ದಿನ ಮೊಗಸಾಲೆಯಲ್ಲಿ ಯಾರೂ ಗ್ರಾಂ ಲೆಕ್ಕವನ್ನು ಕೇಳಲಿಲ್ಲ. ವಿಜ್ಞಾನವು ಬಹಳಷ್ಟನ್ನು ಮಾಡಿರುವುದು, ಎಲ್ಲವನ್ನೂ ಮಾಡಿಲ್ಲ.

ಅಜ್ಜಿಯ ಮೊಮ್ಮಗನು ಮೂರು ವಾರಗಳಲ್ಲಿ ಚೇತರಿಸಿಕೊಂಡು ಮನೆಗೆ ಹೋದನು. ಹೊರಡುವಾಗ ಕೂಸು ಅವರ ಸೊಸೆಯ ಎದೆಗೆ ಕಟ್ಟಿದ ಬಟ್ಟೆಯಲ್ಲಿತ್ತು. "ನಮ್ಮೂರಲ್ಲಿ ಇನ್ನೊಂದು ಬಸುರಿ ಇದ್ದಾಳೆ, ನೀನು ಹೇಳಿದ್ದನ್ನ ಅವರ ಮನೆಗೆ ಹೇಳ್ತೀನಿ" ಎಂದರು ಅಜ್ಜಿ. ನಮ್ಮ ಮಗಳು ನಲವತ್ತೊಂದನೆಯ ದಿನ, 1,850 ಗ್ರಾಂ ತೂಗುತ್ತ ಮನೆಗೆ ಬಂದಳು. ಕಣ್ಣಿನ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಈಗ ಮನೆಯ ತುಂಬ ಓಡಾಡುತ್ತಾಳೆ. ಸಾಬೂನಿನ ಗುಳ್ಳೆಗಳನ್ನು ಊದಿಕೊಡೆಂದು ಪೀಡಿಸುತ್ತಾಳೆ.

ಕಾಲೇಜಿನಲ್ಲಿ ಎರಡು ಗುಳ್ಳೆಗಳ ಪ್ರಯೋಗವನ್ನು ನಾವು ಈಗಲೂ ಮಾಡಿ ತೋರಿಸುವೆವು. ಅದಾದ ಮೇಲೆ ಶ್ವಾಸಕೋಶದ ಚಿತ್ರವನ್ನು ಬರೆಯುವೆವು. ಗುಪ್ತೋಷ್ಣದ ಪಾಠ ಬಂದಾಗ ಅಜ್ಜಿಯ ಪ್ರಶ್ನೆಯನ್ನೇ ವಿದ್ಯಾರ್ಥಿಗಳ ಮುಂದಿಟ್ಟು ಲೆಕ್ಕ ಮಾಡಿಸುವೆವು. ಆಮೇಲೆ ನಾಲ್ಕು ಮಾತುಗಳನ್ನು ಬರೆದುಕೊಳ್ಳಲು ಹೇಳುವೆವು. ಕೂಸು ಹುಟ್ಟಿದೊಡನೆ ಮೈಯನ್ನು ಚೆನ್ನಾಗಿ ಒರೆಸಬೇಕು. ನೀರೆರೆಯುವುದನ್ನು ಒಂದು ದಿನವಾದರೂ ಮುಂದೂಡಬೇಕು, ತೀರ ಪುಟ್ಟ ಕೂಸಾದರೆ ವೈದ್ಯರು ಹೇಳುವವರೆಗೂ ಎರೆಯಬಾರದು. ಒರೆಸಿದ ಕೂಸನ್ನು ತಾಯಿಯ ಬರಿಯ ಎದೆಯ ಮೇಲಿಟ್ಟು, ತಲೆಗೆ ಟೋಪಿ ಹಾಕಿ, ಇಬ್ಬರಿಗೂ ಸೇರಿಸಿ ಹೊದಿಸಬೇಕು. ದಿನ ತುಂಬದ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ಹಾದಿಯಲ್ಲಿಯೂ ಅದು ಯಾರಾದರೊಬ್ಬರ ಎದೆಗೆ ಒತ್ತಿಕೊಂಡೇ ಇರಬೇಕು.

"ಇದು ಪರೀಕ್ಷೆಗೆ ಬರುವುದೆ, ಸಾರ್?" ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುವರು. ಪರೀಕ್ಷೆಗೆ ಬಾರದು, ಮನೆಗೆ ಬರಬಹುದು ಎನ್ನುವೆವು.